ಘನ ಬ್ಯಾಟರಿಯಲ್ಲಿ ಲಿಥಿಯಂ ಲೋಹಕ್ಕೆ ಏನಡ್ಡಿ?

ಪ್ರಶ್ನೆ: ಘನಸ್ಥಿತಿ ಬ್ಯಾಟರಿಯಲ್ಲಿ ದ್ರವದ ಬದಲು ಗಟ್ಟಿ ಎಲೆಕ್ಟ್ರೊಲೈಟ್ (ಎರಡು ಧ್ರುವಗಳ ನಡುವೆ ಅಯಾನುಗಳನ್ನು ಸಾಗಿಸುವ ಪದರ) ಇರುತ್ತದೆ ಎಂದು ಓದಿದೆ. ಹಾಗಿದ್ದ ಮೇಲೆ ಆನೋಡ್‌ಗೆ (ಋಣ ಧ್ರುವಕ್ಕೆ) ಗ್ರಾಫೈಟ್ ಬಿಟ್ಟು ಲಿಥಿಯಂ ಲೋಹವನ್ನೇ ಬಳಸಬಾರದೇಕೆ? ಸಿಲಿಕಾನ್ ಬಗ್ಗೆಯೂ ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ಹಾಸನ

ಉತ್ತರ: ಸಂಶೋಧಕರ ಆಸೆಯೂ ಅದೇ. ಒಂದು ಗ್ರಾಂ ಗ್ರಾಫೈಟ್ ಹೆಚ್ಚೆಂದರೆ 372 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುದಾವೇಶವನ್ನು ಹಿಡಿದಿಡಬಲ್ಲದು; ಲಿಥಿಯಂ ಲೋಹದ ಲೆಕ್ಕ 3,860. ಆದರೂ 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಲಿಥಿಯಂ-ಅಯಾನ್ ಬ್ಯಾಟರಿಯ ಆನೋಡ್ ಇಂಗಾಲದ್ದೇ ಆಗಿತ್ತು. ದ್ರವದಲ್ಲಿ ಚಾರ್ಜ್ ಮಾಡುವಾಗ ಲಿಥಿಯಂ ಸಮನಾಗಿ ಕೂರದೆ ಮುಳ್ಳುಮುಳ್ಳಾಗಿ ಬೆಳೆದು, ಎದುರಿನ ಧ್ರುವವನ್ನು ಮುಟ್ಟಿ ಶಾರ್ಟ್ ಸರ್ಕ್ಯೂಟ್ ಆಗುವುದೇ ಇದಕ್ಕೆ ಕಾರಣ. ಈ ಮುಳ್ಳುಗಳಿಗೆ ಡೆಂಡ್ರೈಟ್ ಎಂದು ಹೆಸರು.

ನಡುವಿನ ಪದರ ಲಿಥಿಯಂಗಿಂತ ಸಾಕಷ್ಟು ಬಿಗಿಯಾಗಿದ್ದರೆ ಡೆಂಡ್ರೈಟ್ ತಾನಾಗಿ ತಗ್ಗುತ್ತದೆ ಎಂದು 2005ರಲ್ಲಿ ಸಂಶೋಧಕರಾದ ಮನ್ರೋ ಮತ್ತು ನ್ಯೂಮನ್ ಲೆಕ್ಕ ಹಾಕಿ ತೋರಿಸಿದರು. 2007ರಲ್ಲಿ ಮುರುಗನ್, ತಂಗದುರೈ ಮತ್ತು ವೆಪ್ನರ್ ವರದಿ ಮಾಡಿದ ಲಿಥಿಯಂ-ಲ್ಯಾಂಥನಂ-ಜಿರ್ಕೋನಿಯಂ ಆಕ್ಸೈಡ್ ಎಂಬ ಘನ ಎಲೆಕ್ಟ್ರೊಲೈಟ್ ಲಿಥಿಯಂಗಿಂತ ಹತ್ತು ಪಟ್ಟಿಗೂ ಹೆಚ್ಚು ಬಿಗಿ. ಆದರೆ ಆ ಮೆದು ಲೋಹ, ಪಿಂಗಾಣಿಯಂಥ ಈ ಪದರದ ಸೂಕ್ಷ್ಮ ಬಿರುಕುಗಳಲ್ಲಿಯೂ ಹರಳುಗಳ ಸಂದುಗಳಲ್ಲಿಯೂ ನುಗ್ಗಿ ಆಚೆಗೆ ಹೋಗಿಬಿಡುತ್ತದೆ.

ಚಾರ್ಜ್ ಮಾಡುವಾಗ ಕಾಣಿಸಿಕೊಳ್ಳುವ ಈ ಕೇಡಿನ ಬೀಜ ಬಹುಮಟ್ಟಿಗೆ ಡಿಸ್ಚಾರ್ಜ್ ಆಗುವಾಗಲೇ ಬಿದ್ದಿರುತ್ತದೆ. ಆಗ ಲಿಥಿಯಂ ಪರಮಾಣುಗಳು ಮೇಲ್ಮೈಯಿಂದ ಒಂದೊಂದಾಗಿ ಎಲೆಕ್ಟ್ರೊಲೈಟ್‌ಗೆ ಹೊರಡುತ್ತವೆ. ತೆರವಾದ ಜಾಗಕ್ಕೆ ಒಳಗಿನ ಪರಮಾಣುಗಳು ಅದೇ ವೇಗದಲ್ಲಿ ಬಂದು ಸೇರದಿದ್ದರೆ ತೆರವುಗಳೆಲ್ಲ ಕೂಡಿಕೊಂಡು ಪೊಳ್ಳುಗಳಾಗುತ್ತವೆ. ಎಲೆಕ್ಟ್ರೊಲೈಟ್ ದ್ರವವಾಗಿದ್ದರೆ ಅಲ್ಲಿ ಹರಿದು ತುಂಬಿಕೊಳ್ಳುತ್ತಿತ್ತು, ಘನಕ್ಕೆ ಅದು ಸಾಧ್ಯವಿಲ್ಲ. ಮುಂದಿನ ಚಾರ್ಜ್‌ನಲ್ಲಿ ವಿದ್ಯುತ್ ಪ್ರವಾಹವೆಲ್ಲ ಪೊಳ್ಳಿನ ಅಂಚಿಗೆ ಮುಗಿಬೀಳುತ್ತದೆ, ಡೆಂಡ್ರೈಟ್ ಹುಟ್ಟುವುದು ಅಲ್ಲೇ. ಪೊಳ್ಳಿಗೂ ಡೆಂಡ್ರೈಟ್‌ಗೂ ಇರುವ ಈ ನೇರ ನಂಟನ್ನು 2022ರಲ್ಲಿ ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪ್ರಮುಖರು. ಲಿಥಿಯಂ ಜೊತೆ ಬೆರೆಯದ ಟಂಗ್‌ಸ್ಟನ್‌ನಂಥ ಲೋಹದ ಅತಿ ತೆಳು ಪದರವನ್ನು ನಡುವೆ ಇಟ್ಟಾಗ ಡೆಂಡ್ರೈಟ್ ತಡವಾಗಿ ಹುಟ್ಟಿತು.

ಸೆಲ್ಲನ್ನು ಹೊರಗಿನಿಂದ ಅದುಮಿ ಪೊಳ್ಳು ಮುಚ್ಚಬಹುದಲ್ಲವೇ ಎಂದು ನೀವು ಕೇಳಬಹುದು. ಮುಚ್ಚಬಹುದು, ಆದರೆ ಅತಿಯಾಗಿ ಅದುಮಿದರೆ ಅದೇ ಲಿಥಿಯಂ ಬಿರುಕಿನೊಳಗೆ ಇಳಿಯುತ್ತದೆ. ಹೀಗಾಗಿ 2020ರಲ್ಲಿ ಸ್ಯಾಮ್‌ಸಂಗ್ ಸಂಶೋಧಕರು ಲಿಥಿಯಂ ಹಾಳೆಯನ್ನೇ ಕೈಬಿಟ್ಟು, ಬೆಳ್ಳಿ ಮತ್ತು ಇಂಗಾಲ ಬೆರೆತ ತೆಳು ಪದರವನ್ನಿಟ್ಟರು; ಚಾರ್ಜ್ ಆಗುವಾಗ ಲಿಥಿಯಂ ಈ ಪದರವನ್ನು ದಾಟಿ, ಎಲೆಕ್ಟ್ರೊಲೈಟ್‌ನಿಂದ ದೂರದಲ್ಲಿ, ವಿದ್ಯುತ್ತನ್ನು ಹೊರಗೊಯ್ಯುವ ಲೋಹದ ತಗಡಿನ ಬಳಿ ಸಮನಾಗಿ ಕೂರುತ್ತದೆ. ನನಗಂತೂ ಇದು ಬಹಳ ಜಾಣ ಉಪಾಯವೆನಿಸುತ್ತದೆ.

ಇನ್ನು ಸಿಲಿಕಾನ್. ಸಾಮರ್ಥ್ಯದಲ್ಲಿ ಅದು ಲಿಥಿಯಂಗೆ ಹತ್ತಿರ, ಆದರೆ ಲಿಥಿಯಂ ಹೀರಿಕೊಂಡಾಗ ಮೂರು ಪಟ್ಟಿಗಿಂತ ಹೆಚ್ಚಾಗಿ ಊದಿಕೊಂಡು ಬಿರುಕು ಬಿಡುತ್ತದೆ. ದ್ರವದಲ್ಲಿ ಪ್ರತಿ ಹೊಸ ಬಿರುಕಿಗೂ ಎಲೆಕ್ಟ್ರೊಲೈಟ್ ಇಳಿದು ಅಲ್ಲಿ ನಾಶವಾಗುತ್ತಲೇ ಇರುತ್ತದೆ. ಘನ ಎಲೆಕ್ಟ್ರೊಲೈಟ್ ಹಾಗೆ ಇಳಿಯಲಾರದು. ಇದನ್ನೇ ಬಳಸಿಕೊಂಡು 2021ರಲ್ಲಿ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ತೂಕದಲ್ಲಿ ಶೇ 99.9ರಷ್ಟು ಸಿಲಿಕಾನ್ ಇರುವ ಆನೋಡನ್ನು ಸಲ್ಫೈಡ್ (ಗಂಧಕದ ಸಂಯುಕ್ತ) ಎಲೆಕ್ಟ್ರೊಲೈಟ್ ಜೊತೆ ನಡೆಸಿ ತೋರಿಸಿತು. ಸಲ್ಫೈಡನ್ನು ಕೆಡಿಸುತ್ತದೆಂದು, ಆನೋಡ್‌ಗೆ ಸಾಮಾನ್ಯವಾಗಿ ಬೆರೆಸುವ ಇಂಗಾಲವನ್ನು ತೆಗೆದುಹಾಕಲಾಗಿತ್ತು. ಆದರೆ ಸೆಲ್ಲಿನ ಮೇಲೆ 50 ಮೆಗಾಪಾಸ್ಕಲ್, ಅಂದರೆ ವಾಯುಮಂಡಲದ ಸುಮಾರು 500 ಪಟ್ಟು ಒತ್ತಡ ಹೇರಬೇಕಾಯಿತು. ಪ್ರಯೋಗಾಲಯದಲ್ಲಿ ಇದು ನಡೆಯುತ್ತದೆ. ಕಾರಿನ ಬ್ಯಾಟರಿಯಲ್ಲಿ ಅಷ್ಟು ಒತ್ತಡ ಹಿಡಿದಿಡುವ ಚೌಕಟ್ಟಿನ ತೂಕವೇ, ಸಿಲಿಕಾನ್‌ನಿಂದ ಉಳಿಸಿದ ತೂಕವನ್ನು ನುಂಗಿಹಾಕುತ್ತದೆ.