ಬಟನ್ ಮರೆಯಾದರೂ ಅಧಿಕಾರ ಉಳಿದಿದೆ

ಪ್ರಶ್ನೆ: ನಮ್ಮ ಕರಾರು ನಿರ್ವಹಣೆ ಸಾಫ್ಟ್‌ವೇರ್‌ನಲ್ಲಿ ಖರೀದಿ ವಿಭಾಗದವರಿಗೆ ‘ಅನುಮೋದಿಸಿ’ ಬಟನ್ ಕಾಣುವುದಿಲ್ಲ. ಆದರೂ ಒಬ್ಬರು ಹಳೆಯ ಇಮೇಲ್ ಲಿಂಕ್ ಒತ್ತಿ ಕರಾರು ಅನುಮೋದಿಸಿದ್ದಾರೆ. ಹೇಗೆ ಸಾಧ್ಯ?

ಉತ್ತರ: ಬಟನ್ ಅಡಗಿಸಿದ್ದೀರಿ, ಅಧಿಕಾರ ತೆಗೆದಿಲ್ಲ. ಯಾರಾದರೂ ಅನುಮೋದಿಸಲು ಹೊರಟ ಪ್ರತಿ ಸಲವೂ ಆ ವ್ಯಕ್ತಿಯ ರೋಲ್ (ಸಾಫ್ಟ್‌ವೇರ್‌ನಲ್ಲಿ ಅವರಿಗೆ ಕೊಟ್ಟ ಪಾತ್ರ, ಅದರಂತೆ ಅನುಮತಿಗಳು) ಮತ್ತು ಕರಾರು ಯಾವ ಹಂತದಲ್ಲಿದೆ ಎಂಬುದನ್ನು ಸರ್ವರ್ ಪರೀಕ್ಷಿಸಲೇಬೇಕು. ಮೊದಲು ಅದನ್ನು ಸರಿಪಡಿಸಿ, ಪರದೆಯ ಕೆಲಸ ಆಮೇಲೆ. ಪರದೆಯಲ್ಲಿ ಖರೀದಿಯವರಿಗೆ ಕೋರಿಕೆ ಫಾರಂ, ಕಾನೂನು ವಿಭಾಗಕ್ಕೆ ಷರತ್ತುಗಳ ಹಳೆ-ಹೊಸ ಹೋಲಿಕೆ, ಲೆಕ್ಕಪತ್ರದವರಿಗೆ ಮೊತ್ತ ಮತ್ತು ನವೀಕರಣದ ಗಡುವು ಸಾಕು. ಒಬ್ಬರಿಗೇ ಎರಡು ರೋಲ್ ಕೊಟ್ಟರೆ ಸಾಮಾನ್ಯವಾಗಿ ಎರಡರ ಅನುಮತಿಗಳೂ ಕೂಡಿಕೊಳ್ಳುತ್ತವೆ. ಹಾಗಾಗಿ ಕರಡು ಸಿದ್ಧಪಡಿಸಿದವರೇ ಅದನ್ನು ಅನುಮೋದಿಸದಂತೆ ಪ್ರತ್ಯೇಕ ನಿಯಮ ಬೇಕು. ಪ್ರತಿ ರೋಲ್‌ಗೂ ಒಂದು ಪರೀಕ್ಷಾ ಖಾತೆ ತೆರೆದು ಅದೇ ಲಿಂಕ್ ಒತ್ತಿ ನೋಡಿ. ಅಧಿಕಾರವಿಲ್ಲದವರಿಗೆ 403, ಅಂದರೆ ‘ಅನುಮತಿ ಇಲ್ಲ’ ಎಂಬ ಸರ್ವರ್ ಉತ್ತರ, ಬರಬೇಕು.