ಸೀನಿಗೆ ದಿನಾ ಅಲರ್ಜಿ ಮಾತ್ರೆ ತಗೊಂಡರೆ ತೊಂದರೆ ಇದೆಯಾ?

ನಿಮ್ಮ ತಂದೆಗೆ 64 ವರ್ಷ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸ, ಬೆಳಗ್ಗೆ ಎದ್ದರೆ ಸೀನು ನಿಲ್ಲಲ್ಲ, ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ದಿನಾ ನುಂಗ್ತಾರೆ ಅಂತ ಬರೆದಿದ್ದೀರಿ. ಮೊದಲು ಆ ಮಾತ್ರೆಯ ಶೀಟ್ ತಿರುಗಿಸಿ, ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಓದಿ. ನಾವೆಲ್ಲ 'ಅಲರ್ಜಿ ಮಾತ್ರೆ' ಅಂತ ಒಂದೇ ಹೆಸರಲ್ಲಿ ಕರೀತೀವಿ, ಆದರೆ ಒಳಗಿರುವ ಔಷಧಿ ಬೇರೆ ಬೇರೆ.

ನಾವು ಚಿಂತಾಮಣಿಯವರು. ಮೂರು ವರ್ಷದ ಹಿಂದೆ ಅಪ್ಪನಿಗೆ ನೆಗಡಿ, ಮೂಗು ಸೋರೋದು ಜಾಸ್ತಿಯಾಯಿತು. ಅಂಗಡಿಯಲ್ಲಿ ಕೊಟ್ಟ ಮಾತ್ರೆಯನ್ನು ಎರಡು ದಿನ ತಗೊಂಡರು. ಎರಡನೇ ರಾತ್ರಿ ಹತ್ತು ನಿಮಿಷಕ್ಕೊಮ್ಮೆ ಬಚ್ಚಲಿಗೆ ಹೋಗಿ, ಗೋಡೆ ಹಿಡಿದು ನಿಂತು, ಹಾಗೇ ವಾಪಸ್ ಬರುತ್ತಿದ್ದರು. ಒಂದು ಹನಿ ಮೂತ್ರ ಬರಲಿಲ್ಲ. ಬೆಳಗಿನ ಜಾವಕ್ಕೆ ಕಿಬ್ಬೊಟ್ಟೆ ಕಲ್ಲಿನ ಹಾಗೆ ಗಟ್ಟಿ. ಆಸ್ಪತ್ರೆಯಲ್ಲಿ ನಳಿಗೆ ಹಾಕಿ ತೆಗೆದರು. ಡಾಕ್ಟರು ಮಾತ್ರೆಯ ಶೀಟ್ ನೋಡಿ ಒಂದು ಹೆಸರಿನ ಮೇಲೆ ಬೆರಳಿಟ್ಟರು: ಕ್ಲೋರ್‌ಫೆನಿರಮೈನ್. ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ದೊಡ್ಡದಾಗಿರುವ ಗಂಡಸರಿಗೆ ಇದರಿಂದ ಮೂತ್ರ ಕಟ್ಟಬಹುದಂತೆ. ಅಪ್ಪನಿಗೆ ಆ ತೊಂದರೆ ಮೊದಲೇ ಇತ್ತು. ಅಂಗಡಿಯವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಆಮೇಲೆ ನಾನು ಡಾಕ್ಟರನ್ನೂ ಔಷಧಿ ಓದಿರುವ ನಮ್ಮ ಭಾವನನ್ನೂ ಕೂರಿಸಿಕೊಂಡು ಕೇಳಿದೆ. ಕ್ಲೋರ್‌ಫೆನಿರಮೈನ್, ಅವಿಲ್ ಇವೆಲ್ಲ ಹಳೇ ಕಾಲದ ಮಾತ್ರೆಗಳು. ತುಂಬಾ ನಿದ್ದೆ ಬರುತ್ತೆ, ಬಾಯಿ ಒಣಗುತ್ತೆ, ವಯಸ್ಸಾದವರಿಗೆ ತಲೆ ಮಂಕಾಗುತ್ತೆ. ಗ್ಲಾಕೋಮಾ, ಅಂದರೆ ಕಣ್ಣಿನೊಳಗೆ ಒತ್ತಡ ಹೆಚ್ಚುವ ಕಾಯಿಲೆ ಇದ್ದರೂ ಕಷ್ಟ. ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಆಮೇಲೆ ಬಂದವು, ವಯಸ್ಸಾದವರಿಗೆ ಸಾಮಾನ್ಯವಾಗಿ ಇವೇ ವಾಸಿ. ಆದರೂ ಸೆಟಿರಿಜಿನ್ ಕೆಲವರಿಗೆ ತೂಕಡಿಕೆ ತರುತ್ತೆ. ನಿಮ್ಮ ತಂದೆ ಕುದಿಯುವ ನೀರಿನ ಬಾಣಲೆ, ತಿರುಗುವ ರಾಟೆ ಮುಂದೆ ಕೂರುವವರು ಅಲ್ವಾ? ಮೊದಲ ಸಲ ತಗೊಳ್ಳೋದಾದರೆ ರಾತ್ರಿ ತಗೊಳ್ಳಲಿ. ಸೆಟಿರಿಜಿನ್ ಆದರೆ ದಿನಕ್ಕೆ 10 ಮಿಲಿಗ್ರಾಂ ಒಂದೇ ಮಾತ್ರೆ. ಸೀನು ನಿಲ್ಲಲಿಲ್ಲ ಅಂತ ಇನ್ನೊಂದು ನುಂಗಬಾರದು. ಕಿಡ್ನಿ ತೊಂದರೆ ಇದ್ದರೆ ಅದೂ ಜಾಸ್ತಿಯೇ, ಡಾಕ್ಟರು ಕಮ್ಮಿ ಮಾಡ್ತಾರೆ. ಕುಡಿಯುವ ಅಭ್ಯಾಸವಿದ್ದರೆ ಎರಡೂ ಸೇರಿ ನಿದ್ದೆ ವಿಪರೀತವಾಗುತ್ತೆ.

ಬಿಪಿ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಫಿನೈಲ್‌ಎಫ್ರಿನ್ ಅಂತ ಬರೆದಿರುವ ನೆಗಡಿ ಮಾತ್ರೆ ಡಾಕ್ಟರನ್ನು ಕೇಳದೆ ಬೇಡ, ಅದು ಬಿಪಿ ಏರಿಸಬಹುದು. ಆ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಪ್ಯಾರಸಿಟಮಾಲ್ ಕೂಡ ಇರುತ್ತೆ. ಮೈಕೈ ನೋವಿಗೆ ಅಂತ ಡೋಲೋ ನುಂಗಿದರೆ, ಅದೂ ಪ್ಯಾರಸಿಟಮಾಲೇ, ಡಬಲ್ ಆಯಿತು. ಮೂಗು ಕಟ್ಟಿದ್ದಕ್ಕೆ ಹಾಕುವ ಕ್ಸೈಲೊಮೆಟಜೊಲಿನ್ ಡ್ರಾಪ್ಸೂ ಅಷ್ಟೇ, ನಾಲ್ಕೈದು ದಿನಕ್ಕಿಂತ ಜಾಸ್ತಿ ಹಾಕಿದರೆ ಬಿಟ್ಟ ಕೂಡಲೇ ಮೂಗು ಮತ್ತೆ ಕಟ್ಟಬಹುದು.

ಇನ್ನೊಂದು ಮಾತು. ಗೂಡು ಬೇಯಿಸುವ ಹಬೆ, ಸತ್ತ ಹುಳದ ಪುಡಿ ಇವೇ ಕೆಲವರಿಗೆ ಅಲರ್ಜಿ ತರುತ್ತವೆ, ಉಬ್ಬಸಕ್ಕೂ ತಿರುಗುತ್ತವೆ. ಭಾನುವಾರ ರಜೆ ಇದ್ದಾಗ ಸೀನು ಕಮ್ಮಿ ಇರುತ್ತಾ, ರಾತ್ರಿ ಎದೆಯಲ್ಲಿ ಸೀಟಿ ಹೊಡೆದ ಹಾಗೆ ಸದ್ದು ಬರುತ್ತಾ, ಸ್ವಲ್ಪ ಗಮನಿಸಿ. ಸದ್ದು ಬಂದರೆ ಅದು ಮಾತ್ರೆಯಲ್ಲಿ ಮುಗಿಯುವ ಕಾಯಿಲೆ ಅಲ್ಲ, ಎದೆಯ ಡಾಕ್ಟರಿಗೆ ತೋರಿಸಲೇಬೇಕು. ಹೋಗುವಾಗ ಮನೆಯಲ್ಲಿರುವ ಶೀಟುಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. ತುಟಿ, ನಾಲಿಗೆ ಊದಿಕೊಂಡು ಉಸಿರು ಕಟ್ಟಿದರಂತೂ ಮಾತ್ರೆ ಕೊಟ್ಟು ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.