ಓದುಗರ ಪ್ರಶ್ನೆ: ಹಾಲಿನ ಪುಡಿ ಕಳಿಸಬೇಕೇ, ಹಣ ಕೊಡಬೇಕೇ?

ಪ್ರಶ್ನೆ: ಸುಡಾನಿನ ತಾಯಂದಿರು ಮಕ್ಕಳಿಗೆ ಉಣಿಸಲು ಪರದಾಡುತ್ತಿರುವ ಸುದ್ದಿ ನೋಡಿ ನಮ್ಮ ಸ್ತ್ರೀಶಕ್ತಿ ಸಂಘದವರು ಒಂದಿಷ್ಟು ಹಣ ಕೂಡಿಸಿದ್ದೇವೆ. ಹಾಲಿನ ಪುಡಿ, ಹಳೆಯ ಬಟ್ಟೆ ಕಳಿಸೋಣವೆಂದು ಕೆಲವರು, ಹಣವನ್ನೇ ಕೊಡೋಣವೆಂದು ಕೆಲವರು ಹೇಳುತ್ತಾರೆ. ಯಾವುದು ಸರಿ?
— ಓದುಗರೊಬ್ಬರು, ಸಿಂಧನೂರು

ಉತ್ತರ: ಹಣವನ್ನೇ ಕೊಡಿ. ಹಾಲಿನ ಪುಡಿಯನ್ನಂತೂ ಕಳಿಸಲೇಬೇಡಿ. ಪುಡಿಯನ್ನು ಕಲಸಲು ಶುದ್ಧವಾದ ನೀರು ಬೇಕು, ಆ ನೀರನ್ನು ಕುದಿಸಲು ಸೌದೆ ಬೇಕು. ನಿರಾಶ್ರಿತರ ಶಿಬಿರದಲ್ಲಿ ಎರಡಕ್ಕೂ ಬರ. ಹೊಲಸು ನೀರಿನಲ್ಲಿ ಕಲಸಿದ ಹಾಲು ಕುಡಿದ ಕೂಸಿಗೆ ಭೇದಿ ಹತ್ತುತ್ತದೆ, ಇತ್ತ ಕೂಸು ಎದೆಗೆ ಬಾಯಿ ಹಾಕುವುದು ಕಡಿಮೆಯಾದಂತೆ ತಾಯಿಯ ಹಾಲೂ ಕಡಿಮೆಯಾಗುತ್ತದೆ. ಈ ಕಾರಣಕ್ಕಾಗಿಯೇ ತುರ್ತು ಪರಿಸ್ಥಿತಿಯಲ್ಲಿ ಶಿಶುಗಳ ಹಾಲಿನ ಪುಡಿಯನ್ನು ದಾನವಾಗಿ ಕೇಳಲೂಬಾರದು, ಸ್ವೀಕರಿಸಲೂಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನಿಲುವು. ತಾಯಿಯನ್ನು ಕಳೆದುಕೊಂಡ ಕೂಸುಗಳಿಗೆ ಪುಡಿ ಬೇಕಾಗುತ್ತದೆ, ನಿಜ. ಅದನ್ನು ಆರೋಗ್ಯ ಕಾರ್ಯಕರ್ತರ ನಿಗಾದಲ್ಲಿ ಕೊಡುತ್ತಾರೆ. ಹಳೆಯ ಬಟ್ಟೆಯ ಮಾತನ್ನು ಬಿಟ್ಟುಬಿಡೋಣ, ಸಾಗಣೆಯ ಖರ್ಚೇ ಅದರ ಬೆಲೆಯನ್ನು ಮೀರುತ್ತದೆ.

ಸುಡಾನಿನವರೂ ನಮ್ಮಂತೆ ಜೋಳ ಉಣ್ಣುವ ಜನ. ಹಿಟ್ಟನ್ನು ಹುಳಿ ಬರಿಸಿ ಕಿಸ್ರಾ ಎಂಬ ತೆಳುವಾದ ರೊಟ್ಟಿ ಮಾಡುತ್ತಾರೆ. ಶೇಂಗಾವನ್ನೂ ಹೇರಳವಾಗಿ ಬೆಳೆಯುತ್ತಾರೆ. 2023ರ ಏಪ್ರಿಲ್ 15ರಂದು ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಹತ್ತಿದ ಯುದ್ಧ ಹೊಲ, ಸಂತೆ, ರಸ್ತೆ ಮೂರನ್ನೂ ಕೆಡಿಸಿತು. 2024ರ ಆಗಸ್ಟ್‌ನಲ್ಲಿ ಉತ್ತರ ಡಾರ್ಫರ್ ಪ್ರಾಂತದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿರುವುದು ದೃಢಪಟ್ಟಿತು. ಈ ಮಾತನ್ನು ತಜ್ಞರು ಸುಮ್ಮನೆ ಆಡುವುದಿಲ್ಲ: ಐದರಲ್ಲಿ ಒಂದು ಮನೆಗೆ ಉಣ್ಣಲು ಬಹುಮಟ್ಟಿಗೆ ಏನೂ ಇಲ್ಲದಿರಬೇಕು, ಮಕ್ಕಳಲ್ಲಿ ಶೇ. 30ರಷ್ಟು ತೀವ್ರವಾಗಿ ಸೊರಗಿರಬೇಕು, ಹತ್ತು ಸಾವಿರ ಜನರಲ್ಲಿ ದಿನಕ್ಕೆ ಇಬ್ಬರಾದರೂ ಸಾಯುತ್ತಿರಬೇಕು. ಮುತ್ತಿಗೆಗೆ ಸಿಕ್ಕಿದ್ದ, ಅದೇ ಪ್ರಾಂತದ ಎಲ್ ಫಾಶರ್ ಪಟ್ಟಣದ ಜನ, ನಾವು ಎಮ್ಮೆಗೆ ನೆನೆಸಿಡುವಂಥ ಶೇಂಗಾ ಹಿಂಡಿಯನ್ನೇ ತಿಂದು ದಿನ ದೂಡಿದರು.

ಅಂಗಡಿಯಲ್ಲಿ ಕಾಳು ಸಿಗುವ ಕಡೆ ತಾಯಿಯ ಕೈಗೆ ಹಣ ಕೊಟ್ಟರೆ ಸಾಕು, ಏನು ಕೊಳ್ಳಬೇಕೆಂಬುದು ಅವಳಿಗೆ ಗೊತ್ತು. ಅಂಗಡಿಯೇ ಮುಚ್ಚಿದ ಕಡೆ, ಸ್ಥಳೀಯರೇ ನಡೆಸುವ ಸಾಮೂಹಿಕ ಅಡುಗೆಮನೆಗಳು ಜೀವ ಉಳಿಸುತ್ತವೆ. ಸೊರಗಿದ ಕೂಸಿಗೆ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವಗಳನ್ನು ಅರೆದು ಮಾಡಿದ 92 ಗ್ರಾಂ ತೂಕದ ಪೊಟ್ಟಣ ಕೊಡುತ್ತಾರೆ. ಅದರಲ್ಲಿ 500 ಕ್ಯಾಲೊರಿ ಇರುತ್ತದೆ, ನೀರು ಬೆರೆಸುವ ಅಗತ್ಯವೇ ಇಲ್ಲ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮವು ಸಾರ್ವಜನಿಕರಿಂದ ದೇಣಿಗೆ ಪಡೆಯುತ್ತದೆ. ಹೊರದೇಶಕ್ಕೆ ಹಣ ಕಳಿಸುವುದಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳಿರುವುದರಿಂದ ಸಂಘದ ಖಾತೆಯಿಂದ ಕಳಿಸುವ ಮುನ್ನ ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಕ್ಯೂಆರ್ ಕೋಡಿಗೆ ಮಾತ್ರ ಒಂದು ರೂಪಾಯಿಯನ್ನೂ ಹಾಕಬೇಡಿ.

ಪ್ರಶ್ನೆ: ಬರಗಾಲದಲ್ಲಿ ಗಂಜಿ ಕೇಂದ್ರ ತೆರೆಯುವುದು ಹಿಂದಿನ ಪದ್ಧತಿ. ಈಗ ಎಲ್ಲ ನೆರವೂ ಹೆಂಗಸರ ಹೆಸರಿಗೇ ಏಕೆ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: 1876–78ರ ಮಹಾಕ್ಷಾಮದಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು. ಖರ್ಚು ಉಳಿಸಲು ಬಂದ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ಗಂಡಾಳಿನ ದಿನಗೂಲಿಯನ್ನು ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದನು. ಹೆಣ್ಣಾಳಿಗೆ ಸಿಕ್ಕಿದ್ದು ಇನ್ನೂ ಕಡಿಮೆ. ಬಸುರಿಗೂ ಬಾಣಂತಿಗೂ ಹೆಚ್ಚು ಉಣಿಸಬೇಕೆಂದು ನಮ್ಮ ಮನೆಯ ಮುದುಕಿಯರಿಗೆ ಗೊತ್ತಿದ್ದದ್ದು ಆ ಲೆಕ್ಕದಲ್ಲಿ ಇರಲಿಲ್ಲ. ಮನೆಯಲ್ಲಿ ರೊಟ್ಟಿ ಸಾಲದಾದಾಗ ಮೊದಲು ಕಡಿಮೆಯಾಗುವುದು, ಕೊನೆಗೆ ಉಣ್ಣುವವಳ ಪಾಲು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿಯನ್ನಾಗಿ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಮಗ, ಸೊಸೆ ನಾಲ್ಕು ತಿಂಗಳ ಕೂಸನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಸೊಸೆಗೆ ಹೊಟ್ಟೆತುಂಬ ಊಟವಿಲ್ಲ, ಹಾಲು ಸಾಲದೆಂದು ಡಬ್ಬಿ ಹಾಲು ಹಾಕಬೇಕೆನ್ನುತ್ತಾಳೆ. ಹಾಕಬಹುದೇ?
— ಓದುಗರೊಬ್ಬರು, ಕುಷ್ಟಗಿ

ಉತ್ತರ: ಅವಸರ ಬೇಡವೆಂದು ತಿಳಿಸಿ. ತಾಯಿ ಸ್ವಲ್ಪ ಸೊರಗಿದ್ದರೂ ಸಾಮಾನ್ಯವಾಗಿ ಕೂಸಿಗೆ ಸಾಲುವಷ್ಟು ಹಾಲು ಬರುತ್ತದೆ, ಕೂಸು ಚೀಪಿದಷ್ಟೂ ಹೆಚ್ಚುತ್ತದೆ. ಕೂಸು ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಉಚ್ಚೆ ಹೊಯ್ಯುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಕೊರತೆ ಇರುವುದು ಸೊಸೆಯ ಊಟದಲ್ಲಿ. ಹಾಲುಣಿಸುವವಳಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು. ಊರಿನಿಂದ ಹೋಗುವವರ ಕೈಯಲ್ಲಿ ಜೋಳದ ಹಿಟ್ಟು, ಶೇಂಗಾ ಉಂಡಿ, ಪುಟಾಣಿ, ಬೆಲ್ಲ ಕಳಿಸಿಕೊಡಿ. ನಿಮ್ಮ ರೇಷನ್ ಕಾರ್ಡಿನಲ್ಲಿ ಅವಳ ಹೆಸರಿದ್ದರೆ, ಆಧಾರ್ ಜೋಡಣೆಯಾಗಿದ್ದರೆ, ಹೆಬ್ಬೆಟ್ಟು ಒತ್ತಿ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ಪಡೆಯಬಹುದು. ಆದರೆ ಅಲ್ಲಿ ಎತ್ತಿದ ಅಕ್ಕಿ ಇಲ್ಲಿ ಮತ್ತೆ ಸಿಗುವುದಿಲ್ಲ, ಮೊದಲೇ ಮಾತಾಡಿಕೊಳ್ಳಿ. ಹೆರಿಗೆಯ ನಂತರ ಆರು ತಿಂಗಳವರೆಗೆ ಅಂಗನವಾಡಿಯ ಊಟ ಅವಳ ಹಕ್ಕು. ತಾಯಿ ಕಾರ್ಡ್ ಹಿಡಿದು ತಾವಿರುವ ಜಾಗಕ್ಕೆ ಹತ್ತಿರದ ಅಂಗನವಾಡಿಯಲ್ಲಿ ಹೆಸರು ಬರೆಸಲಿ, ಕೂಸನ್ನು ಅಲ್ಲಿಯೇ ತೂಗಿಸಲಿ. ತೂಕ ನಿಂತಿದ್ದರೆ, ಕೂಸು ಚೀಪದೆ ಮಂಕಾಗಿದ್ದರೆ, ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ಡಬ್ಬಿ ಹಾಲು ಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ.